ಬುರುಡೆ ಕೊರೆಯದ ಆಪರೇಷನ್: ಕೈನಡುಕ, ಶಬ್ದ ಮತ್ತು ಮಿದುಳು

(ಶಿವಮೊಗ್ಗದಲ್ಲಿ ಹಿರಿಯ ನಾಗರಿಕರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯ ಪ್ರಶ್ನೆಗಳನ್ನು ಹಾಗೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮಾತಿಗೆ ನನ್ನನ್ನು ಕರೆಯುವಾಗ ನಿಮ್ಮವರೇ ಒಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೋ ಕಳಿಸಿದ್ದರು. ಯಾವುದೋ ದೇಶದ ಅಜ್ಜ. ಕೈ ಗಡಗಡ ನಡುಗುತ್ತಿದೆ, ನೀರಿನ ಲೋಟ ಬಾಯಿಗೆ ತರಲು ಆಗುತ್ತಿಲ್ಲ. ಮುಂದಿನ ದೃಶ್ಯದಲ್ಲಿ ಅದೇ ಅಜ್ಜ ಲೋಟ ಎತ್ತಿ ಗಟಗಟ ಕುಡಿಯುತ್ತಾರೆ. ಕೆಳಗೆ ಬರೆದಿತ್ತು: 'ಆಪರೇಷನ್ ಇಲ್ಲದೆ ಬರೀ ಶಬ್ದದಿಂದ ಪಾರ್ಕಿನ್ಸನ್ ಮಾಯ!' ಇದು ನಿಜವಾ ಡಾಕ್ಟ್ರೇ, ಇದರ ಬಗ್ಗೆಯೇ ಮಾತಾಡಿ ಅಂದರು.

ವಿಡಿಯೋದಲ್ಲಿ ತೋರಿಸಿದಂತೆ ಆಗುವುದುಂಟು. ಸುಳ್ಳಲ್ಲ. ಕೆಳಗಿನ ಸಾಲು ಮಾತ್ರ ಸರಿಯಿಲ್ಲ. ಆ ಅಜ್ಜನ ನಡುಕ ನೋಡಿದರೆ ಪಾರ್ಕಿನ್ಸನ್ ಥರ ಕಾಣುತ್ತಿಲ್ಲ. ಮತ್ತೆ, ಚರ್ಮ ಕೊಯ್ಯದಿದ್ದರೂ ಇದು ಆಪರೇಷನ್ನೇ. ಮಿದುಳಿನ ಒಂದು ಚುಕ್ಕೆಯನ್ನು ಬೇಕಂತಲೇ ಸುಟ್ಟು ಹಾಕುವ ಆಪರೇಷನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇದು ಹೇಗೆ ನಡೆಯುತ್ತದೆ ಎಂದು ಕೇಳಿದರೆ ನಿಮಗೆ ಬೆರಗಾಗುತ್ತದೆ. ಆ ಬೆರಗಿನಲ್ಲಿ ಈ ಮಾತು ಮರೆತುಹೋಗಬಾರದು.

ಮೊದಲು ನಡುಕದ ವಿಷಯ.

ಅಡಿಕೆ ಸುಗ್ಗಿ ಬಂತೆಂದರೆ ನನ್ನ ಹತ್ತಿರ ಕೈನಡುಕದವರು ಸ್ವಲ್ಪ ಜಾಸ್ತಿ ಬರುತ್ತಾರೆ. ಸುಗ್ಗಿಯಲ್ಲಿ ಕಾಯಿಲೆ ಹೆಚ್ಚುತ್ತದೆ ಅಂತಲ್ಲ. ಸುಲಿಯಲು ಕೂತಾಗ ಅದು ಗೊತ್ತಾಗುತ್ತದೆ, ಅಷ್ಟೇ. ಹೊಸನಗರದ ಕಡೆಯ ಒಬ್ಬ ಅಮ್ಮ ಬಂದಿದ್ದರು. ಮದುವೆಯಾಗಿ ಬಂದಾಗಿನಿಂದ ಮೆಟ್ಟುಗತ್ತಿಯ ಮೇಲೆ ಕೂತವರು. ನಿಮಗೆ ಗೊತ್ತಲ್ಲ, ಕತ್ತಿ ನೆಟ್ಟಗೆ ನಿಂತಿರುತ್ತದೆ, ಕೈಯಲ್ಲಿರುವ ಕಾಯಿಯನ್ನು ಅದಕ್ಕೆ ಚುಚ್ಚಿ ತಿರುಗಿಸಬೇಕು. ಸಿಪ್ಪೆ ಬಿಡಿಸಿ ಅಡಿಕೆ ಬುಟ್ಟಿಗೆ ಬೀಳಬೇಕು. ಅವರು ಹೇಳಿದ್ದು ಹೀಗೆ: "ಸುಮ್ನೆ ಕೂತಾಗ ಏನೂ ಇಲ್ಲ ಡಾಕ್ಟ್ರೇ. ಕಾಯಿ ಕತ್ತಿಗೆ ತಾಗಿಸೋ ಹೊತ್ತಿಗೆ ಕೈ ತಾಳ ಹಾಕುತ್ತೆ." ಬೆರಳಿಗೆ ಎರಡು ಕಡೆ ಗಾಯದ ಗುರುತು. ಮನೆಯವರು ವಯಸ್ಸಾಯ್ತು, ಬಿಡು ಅಂದಿದ್ದರಂತೆ. ಪಕ್ಕದ ಮನೆಯವರು ಪಾರ್ಕಿನ್ಸನ್ ಅಂದು ಹೆದರಿಸಿದ್ದರು.

ಎರಡೂ ಅಲ್ಲ. ಅದು ಎಸೆನ್ಷಿಯಲ್ ಟ್ರೆಮರ್ ಎಂಬ ಕಾಯಿಲೆ. ಕೈ ಕೆಲಸಕ್ಕೆ ಹೋದಾಗ ನಡುಗುತ್ತದೆ. ಲೋಟ ಎತ್ತುವಾಗ, ಸಹಿ ಹಾಕುವಾಗ, ಸೂಜಿಗೆ ದಾರ ಪೋಣಿಸುವಾಗ. ತೊಡೆಯ ಮೇಲೆ ಇಟ್ಟರೆ ಸುಮ್ಮನಾಗುತ್ತದೆ. ಕೆಲವರಿಗೆ ತಲೆಯೂ ಅಲ್ಲಾಡುತ್ತದೆ, ದನಿ ನಡುಗುತ್ತದೆ. ಬಹಳ ಮನೆಗಳಲ್ಲಿ ವಂಶದಲ್ಲೇ ಬಂದಿರುತ್ತದೆ. ಕೇಳಿದರೆ 'ನಮ್ಮಪ್ಪನಿಗೂ ಇತ್ತು, ದೊಡ್ಡಪ್ಪನಿಗೂ ಇತ್ತು' ಅನ್ನುತ್ತಾರೆ. ಇನ್ನೊಂದು ವಿಚಿತ್ರ ಇದೆ. ಇವರಲ್ಲಿ ಸುಮಾರು ಜನಕ್ಕೆ ಸ್ವಲ್ಪ ಮದ್ಯ ಒಳಗೆ ಹೋದರೆ ಒಂದೆರಡು ಗಂಟೆ ನಡುಕ ಇಳಿಯುತ್ತದೆ. ಊರವರು ಇದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ. ಕುಡಿದು ಕುಡಿದು ಕೈ ನಡುಗುತ್ತಿದೆ ಎಂದು ಆಡಿಕೊಳ್ಳುತ್ತಾರೆ. ಪಾಪ, ಹಲವರು ನಾಲ್ಕು ಜನರ ಮುಂದೆ ಊಟಕ್ಕೆ ಕೂರುವುದನ್ನೇ ಬಿಟ್ಟಿರುತ್ತಾರೆ. ಬಾಳೆಲೆಯಿಂದ ಅನ್ನ ಸಾರು ಬಾಯಿಗೆ ಬರುವಷ್ಟರಲ್ಲಿ ಅಂಗಿಯ ಮೇಲೆ. ಮದುವೆ ಮನೆಗೆ ಹೋಗುತ್ತಾರೆ, ಅಕ್ಷತೆ ಹಾಕಿ, ಪಂಕ್ತಿ ಹಾಕುವ ಮೊದಲು ಹೊರಟುಬಿಡುತ್ತಾರೆ.

ಪಾರ್ಕಿನ್ಸನ್ ನಡುಕದ ಸ್ವಭಾವ ಇದಕ್ಕೆ ಉಲ್ಟಾ. ಟಿವಿ ನೋಡುತ್ತಾ ಕೂತಿರುತ್ತಾರೆ. ಕೈ ತೊಡೆಯ ಮೇಲಿದೆ. ಹೆಬ್ಬೆರಳು ತೋರುಬೆರಳಿಗೆ ಉಜ್ಜಿಕೊಳ್ಳುತ್ತಾ ನಡುಗುತ್ತಿರುತ್ತದೆ. ಕಾಫಿ ಲೋಟ ಎತ್ತಿದರೆ ಕಡಿಮೆಯಾಗುತ್ತದೆ. ಸಾಮಾನ್ಯವಾಗಿ ಒಂದು ಕಡೆ ಶುರುವಾಗುತ್ತದೆ. ಅದರ ಜೊತೆಗೆ ನಡಿಗೆ ನಿಧಾನ, ಮೈ ಬಿಗಿ, ಅಕ್ಷರ ಬರೆಯುತ್ತಾ ಹೋದಂತೆ ಚಿಕ್ಕದಾಗುವುದು, ನಡೆಯುವಾಗ ಒಂದು ಕೈ ಬೀಸದೇ ಇರುವುದು. ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಇದನ್ನೆಲ್ಲ 1817ರಲ್ಲೇ ಬರೆದಿಟ್ಟರು. ಅವರು ವರ್ಣಿಸಿದವರಲ್ಲಿ ಕೆಲವರನ್ನು ರಸ್ತೆಯಲ್ಲಿ ನೋಡಿಯೇ ಗುರುತಿಸಿದ್ದರು. ಒಳ್ಳೆಯ ಕಣ್ಣಿದ್ದರೆ ಇಂದಿಗೂ ಅಷ್ಟು ಸಾಕು.

ಇವೆರಡೂ ಅಲ್ಲದ ನಡುಕಗಳೂ ಇವೆ. ಥೈರಾಯ್ಡ್ ಜಾಸ್ತಿಯಾದರೆ ಕೈ ನಡುಗುತ್ತದೆ. ಉಬ್ಬಸಕ್ಕೆ ಎಳೆದುಕೊಳ್ಳುವ ಸಾಲ್ಬ್ಯುಟಮಾಲ್ ಪಂಪ್‌ನಿಂದ ನಡುಗುತ್ತದೆ. ನಮ್ಮ ಮಳೆ, ಶೀತದ ಊರುಗಳಲ್ಲಿ ಆ ಪಂಪ್ ಎಷ್ಟು ಮನೆಗಳಲ್ಲಿಲ್ಲ ಹೇಳಿ. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೋಯೇಟ್ ಮಾತ್ರೆಯಿಂದಲೂ ಬರುತ್ತದೆ. ನನಗೆ ಜಾಸ್ತಿ ಸಿಟ್ಟು ಬರುವುದು ಸಿನ್ನರಿಝಿನ್ ಮೇಲೆ. ತಲೆಸುತ್ತು ಎಂದು ಯಾವಾಗಲೋ ಬರೆಸಿಕೊಂಡ ಮಾತ್ರೆ. ಚೀಟಿ ಹಳೆಯದಾದರೂ ಮೆಡಿಕಲ್ ಶಾಪಿನಿಂದ ತಂದು ವರ್ಷಗಟ್ಟಲೆ ನುಂಗುತ್ತಿರುತ್ತಾರೆ. ವಯಸ್ಸಾದವರಲ್ಲಿ ಅದು ಥೇಟ್ ಪಾರ್ಕಿನ್ಸನ್ನಿನ ಹಾಗೇ ಕಾಣುವ ಕಾಯಿಲೆ ತರಬಲ್ಲದು. ಮಾತ್ರೆ ನಿಲ್ಲಿಸಿದರೆ ತಿಂಗಳುಗಳಲ್ಲಿ ಬಹಳ ಜನ ಸುಧಾರಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಮಿದುಳಿಗೆ ಬರೆ ಹಾಕುವ ಚಿಕಿತ್ಸೆಯ ವಿಷಯದಲ್ಲಿ ಆ ಗಾದೆ ಬರೀ ಗಾದೆಯಾಗಿ ಉಳಿಯುವುದಿಲ್ಲ. ಅದಕ್ಕೇ ಇಷ್ಟು ಹೊತ್ತು ನಡುಕದ ಮೇಲೇ ನಿಂತೆ.

ಸರಿ, ಈಗ ಶಬ್ದ.

ನಮ್ಮ ಕಿವಿಗೆ ಕೇಳುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ. ಅದರ ಆಚೆಗಿನದ್ದು ಅಲ್ಟ್ರಾಸೌಂಡ್. ಸಂಜೆ ತೋಟದಲ್ಲಿ ಹಾರುವ ಬಾವಲಿಗಳು ಹುಳ ಹಿಡಿಯುವುದು ಅದರಿಂದಲೇ. ಹೊಟ್ಟೆ ಸ್ಕ್ಯಾನಿಂಗ್ ಮಾಡುವ ಯಂತ್ರದಲ್ಲಿ ಸೆಕೆಂಡಿಗೆ ಕೆಲವು ದಶಲಕ್ಷ ಕಂಪನ. ಮೆಲ್ಲಗೆ ಶಬ್ದ ಕಳಿಸಿ, ಮರಳಿ ಬಂದ ಪ್ರತಿಧ್ವನಿಯಿಂದ ಚಿತ್ರ ಮಾಡುತ್ತದೆ. ಅದೇ ಶಬ್ದಕ್ಕೆ ಬಲ ಕೊಟ್ಟರೆ ಅದು ಅಂಗಾಂಶವನ್ನು ಬಿಸಿ ಮಾಡುತ್ತದೆ. ಇದು ಹೊಸ ಸಂಗತಿಯಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನ ಪೌಲ್ ಲಾಂಜೆವಾನ್ ಶತ್ರುಗಳ ಜಲಾಂತರ್ಗಾಮಿ ಹುಡುಕಲು ನೀರಿನೊಳಗೆ ಅಲ್ಟ್ರಾಸೌಂಡ್ ಬಿಡುತ್ತಿದ್ದರು. ಅದರ ದಾರಿಗೆ ಬಂದ ಮೀನುಗಳು ಸತ್ತವು. ನೀರಿಗೆ ಕೈ ಇಟ್ಟರೆ ನೋವಾಗುತ್ತಿತ್ತು.

ಇದನ್ನು ಮಿದುಳಿನ ಮೇಲೆ ಪ್ರಯೋಗಿಸಿದವರಲ್ಲಿ ಮುಖ್ಯರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಫ್ರೈ ಸಹೋದರರು, ವಿಲಿಯಂ ಮತ್ತು ಫ್ರಾನ್ಸಿಸ್. 1950ರ ದಶಕ. ಶಬ್ದವನ್ನು ಹಲವು ಕಡೆಯಿಂದ ಒಂದೇ ಬಿಂದುವಿಗೆ ಹಾಯಿಸಿದರೆ, ದಾರಿಯಲ್ಲಿರುವ ಮಿದುಳಿಗೆ ಏನೂ ಆಗುವುದಿಲ್ಲ, ಎಲ್ಲವೂ ಕೂಡುವ ಜಾಗ ಮಾತ್ರ ಸುಡುತ್ತದೆ ಎಂದು ತೋರಿಸಿದರು. ಅಯೋವಾದ ನರಶಸ್ತ್ರಚಿಕಿತ್ಸಕ ರಸೆಲ್ ಮೈಯರ್ಸ್ ಜೊತೆ ಸೇರಿ ಪಾರ್ಕಿನ್ಸನ್ ರೋಗಿಗಳಿಗೂ ಮಾಡಿದರು. ಆದರೆ ಒಂದು ತೊಡಕು. ಶಬ್ದ ಬುರುಡೆ ದಾಟುತ್ತಿರಲಿಲ್ಲ. ಹಾಗಾಗಿ ಮೊದಲು ಬುರುಡೆಯ ಒಂದು ಭಾಗ ತೆಗೆಯಬೇಕಿತ್ತು. ತಲೆಬುರುಡೆ ತೆಗೆದ ಮೇಲೆ ಇನ್ನು ಶಬ್ದ ಯಾಕೆ, ಸೂಜಿಯನ್ನೇ ಇಳಿಸಬಹುದಲ್ಲ! ಅಷ್ಟರಲ್ಲಿ 1960ರ ದಶಕದ ಕೊನೆಗೆ ಲೆವೋಡೋಪಾ ಮಾತ್ರೆ ಬಂತು. ಜಾರ್ಜ್ ಕೋಟ್ಜಿಯಾಸ್ 1967ರಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಪಾರ್ಕಿನ್ಸನ್ ರೋಗಿಗಳನ್ನು ಎಬ್ಬಿಸಿ ಓಡಾಡಿಸಿದರು. ಆಪರೇಷನ್‌ಗಳು ಮೂಲೆ ಸೇರಿದವು.

ಇಲ್ಲಿ ಒಂದು ಸಣ್ಣ ಅಡ್ಡಮಾತು. ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿ ಕಾಯಿ ಗೊತ್ತಲ್ಲ, ಮೈಗೆ ತಾಗಿದರೆ ತುರಿಸಿ ತುರಿಸಿ ಸಾಕಾಗುವುದು. ಅದರ ಬೀಜದಲ್ಲಿ ಇರುವುದು ಇದೇ ಲೆವೋಡೋಪಾ. ಮದರಾಸಿನಲ್ಲಿ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ಇಬ್ಬರು 1937ರಲ್ಲೇ ಅದನ್ನು ಬೇರ್ಪಡಿಸಿದ್ದರು. ಆಯುರ್ವೇದದಲ್ಲಿ ಕಂಪವಾತಕ್ಕೆ ಇದನ್ನು ಕೊಡುವ ರೂಢಿ ಇನ್ನೂ ಹಳೆಯದು. ಹಾಗಂತ ನಾಳೆ ಬೇಲಿಗೆ ಹೋಗಿ ಬೀಜ ಕಿತ್ತು ತಿನ್ನಬೇಡಿ. ಬೀಜದಿಂದ ಬೀಜಕ್ಕೆ ಪ್ರಮಾಣ ಬೇರೆ. ಈಗಾಗಲೇ ಮಾತ್ರೆ ತೆಗೆದುಕೊಳ್ಳುವವರು ತಿಂದರೆ ಎರಡು ಪಟ್ಟು ಔಷಧ ಮೈಗೆ ಸೇರಿ ಫಜೀತಿಯಾಗುತ್ತದೆ.

ಮತ್ತೆ ಬುರುಡೆಗೆ ಬರೋಣ. ಶಬ್ದ ಯಾಕೆ ದಾಟುವುದಿಲ್ಲ? ಮೂಳೆ ಅದನ್ನು ಹೀರುತ್ತದೆ, ಚದುರಿಸುತ್ತದೆ. ಅದಕ್ಕಿಂತ ದೊಡ್ಡ ತಲೆನೋವು ವೇಗದ್ದು. ನೀರಿನಲ್ಲಿ, ಮಿದುಳಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ. ಮೂಳೆಯಲ್ಲಿ ಅದಕ್ಕಿಂತ ಬಹಳ ಜೋರು. ನಿಮ್ಮ ಬುರುಡೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಒಂದು ಕಡೆ ಗಟ್ಟಿ, ಒಂದು ಕಡೆ ಒಳಗೆ ಜಾಳುಜಾಳು. ಹಾಗಾಗಿ ಒಟ್ಟಿಗೆ ಹೊರಟ ಅಲೆಗಳು ಒಳಗೆ ಬರುವಾಗ ಹಿಂದುಮುಂದಾಗುತ್ತವೆ. ಈ ಯಂತ್ರದಲ್ಲಿ ಅಲೆಯ ಉದ್ದ ಸುಮಾರು 2.3 ಮಿಲಿಮೀಟರ್. ಒಂದು ಅಲೆ ಇನ್ನೊಂದಕ್ಕಿಂತ ಅದರ ಅರ್ಧದಷ್ಟು, ಅಂದರೆ ಬರೀ ಒಂದು ಮಿಲಿಮೀಟರ್ ಚಿಲ್ಲರೆ ಹಿಂದೆ ಬಿದ್ದರೂ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಕೂಡುವುದು ಹೋಗಿ ಕಳೆಯುವುದಾಗುತ್ತದೆ.

ಇದಕ್ಕೆ ಪರಿಹಾರ ಬಂದದ್ದು ಬಲ ಹೆಚ್ಚಿಸಿ ಅಲ್ಲ. ಹೊರಡುವ ಹೊತ್ತು ಬದಲಿಸಿ. ತೀರ್ಥಹಳ್ಳಿಯವರು, ಸಾಗರದವರು, ಭದ್ರಾವತಿಯವರು, ಶಿಕಾರಿಪುರದವರು ಎಲ್ಲರೂ ಗೋಪಿ ಸರ್ಕಲ್ಲಿಗೆ ಸರಿಯಾಗಿ ಐದು ಗಂಟೆಗೆ ಒಟ್ಟಿಗೆ ಬರಬೇಕು ಎಂದಿಟ್ಟುಕೊಳ್ಳಿ. ಎಲ್ಲರೂ ನಾಲ್ಕಕ್ಕೆ ಹೊರಟರೆ ಆಗುವುದಿಲ್ಲ. ಭದ್ರಾವತಿಯವರು ಬಂದು ಕಾಫಿ ಕುಡಿದು ವಾಪಸ್ ಹೋಗಿರುತ್ತಾರೆ, ಸಾಗರದವರು ಇನ್ನೂ ಆಯನೂರು ದಾಟಿರುವುದಿಲ್ಲ. ಯಾವ ರಸ್ತೆ ಎಷ್ಟು ದೂರ, ಎಲ್ಲಿ ಗುಂಡಿ, ಎಲ್ಲಿ ತಿರುವು ಎಂದು ಮೊದಲೇ ನೋಡಿಕೊಂಡು ಒಬ್ಬೊಬ್ಬರಿಗೂ ಬೇರೆ ಬೇರೆ ಹೊರಡುವ ಸಮಯ ಕೊಡಬೇಕು. ಈ ಚಿಕಿತ್ಸೆಯ ಹೆಲ್ಮೆಟ್‌ನಲ್ಲಿ 1,024 ಪುಟ್ಟ ಶಬ್ದದ ಮೂಲಗಳಿವೆ. ಮೊದಲು ರೋಗಿಯ ತಲೆಯ ಸಿಟಿ ಸ್ಕ್ಯಾನ್ ಮಾಡುತ್ತಾರೆ. ಪ್ರತಿಯೊಂದು ಮೂಲದ ಮುಂದೆ ಮೂಳೆ ಎಷ್ಟು ದಪ್ಪ, ಎಷ್ಟು ಗಟ್ಟಿ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಆಮೇಲೆ 1,024ಕ್ಕೂ ಬೇರೆ ಬೇರೆ ಹೊತ್ತು ನಿಗದಿ ಮಾಡುತ್ತದೆ. ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲಿಗಿಂತಲೂ ಸಣ್ಣ ವ್ಯತ್ಯಾಸಗಳು. ಎಲ್ಲವೂ ಮಿದುಳಿನ ಆಳದಲ್ಲಿ ಒಂದೇ ಗಳಿಗೆಗೆ ಬಂದು ಸೇರುತ್ತವೆ.

ಇದರ ಹಿಂದೆ ಬಹಳ ಜನರ ದುಡಿಮೆ ಇದೆ. ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ಭೌತವಿಜ್ಞಾನಿ ಕುಲ್ಲೆರ್ವೊ ಹ್ಯುನಿನೆನ್, ರೇಡಿಯಾಲಜಿಸ್ಟ್ ಫೆರೆಂಕ್ ಯೊಲೆಸ್ ಮುಖ್ಯರು. ಅವರ ಇನ್ನೊಂದು ದೊಡ್ಡ ಹೆಜ್ಜೆ ಎಂದರೆ ಇದನ್ನು ಎಂಆರ್‌ಐ ಯಂತ್ರದೊಳಗೇ ಮಾಡಿದ್ದು. ಎಂಆರ್‌ಐ ಚಿತ್ರ ತೆಗೆಯುವುದು ನಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್‌ನಿಂದ. ನೀರು ಬಿಸಿಯಾದರೆ ಆ ಸಂಕೇತದ ಆವರ್ತನ ಕೂದಲೆಳೆಯಷ್ಟು ಬದಲಾಗುತ್ತದೆ. ಅದನ್ನು ಅಳೆದರೆ ಮಿದುಳಿನೊಳಗೆ ಥರ್ಮಾಮೀಟರ್ ಇಳಿಸದೆ ಎಲ್ಲಿ ಎಷ್ಟು ಡಿಗ್ರಿ ಎಂದು ಪರದೆಯ ಮೇಲೆ ಕಾಣುತ್ತದೆ. ಇದಿಲ್ಲದಿದ್ದರೆ ಇದು ಕತ್ತಲಲ್ಲಿ ಕಲ್ಲು ಎಸೆದಂತೆ ಆಗುತ್ತಿತ್ತು.

ಚಿಕಿತ್ಸೆಯ ದಿನ ಏನಾಗುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ.

ಬೆಳಿಗ್ಗೆ ತಲೆ ನುಣ್ಣಗೆ ಬೋಳಿಸುತ್ತಾರೆ. ನಾಲ್ಕು ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಲೋಹದ ಚೌಕಟ್ಟೊಂದನ್ನು ತಲೆಗೆ ಪಿನ್ನುಗಳಿಂದ ಬಿಗಿಯುತ್ತಾರೆ. ತಲೆ ಒಂದು ಮಿಲಿಮೀಟರ್ ಕೂಡ ಅಲ್ಲಾಡಬಾರದು. ಈ ಬಿಗಿಯುವುದೇ ದಿನದ ಅತಿ ಕೆಟ್ಟ ಭಾಗ ಎಂದು ಅನೇಕರು ಹೇಳುತ್ತಾರೆ. ತಲೆಯ ಸುತ್ತ ಸಿಲಿಕೋನ್ ಪರದೆ ಕಟ್ಟಿ, ಹೆಲ್ಮೆಟ್ ಮತ್ತು ತಲೆಯ ನಡುವೆ ತಣ್ಣನೆ ನೀರು ತುಂಬುತ್ತಾರೆ. ಗಾಳಿ ತೆಗೆದ ನೀರು. ಶಬ್ದ ಸಾಗಲು ನೀರು ಬೇಕು, ಮೂಳೆ ಬಿಸಿಯಾಗದಿರಲು ಅದು ತಣ್ಣಗಿರಬೇಕು. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಕೈಯಲ್ಲಿ ಒಂದು ಗುಂಡಿ. ತಡೆಯಲಾಗದಿದ್ದರೆ ಒತ್ತಿ ನಿಲ್ಲಿಸಬಹುದು.

ಗುರಿ ಥಲಾಮಸ್ ಎಂಬ ಭಾಗದೊಳಗಿನ ವಿಮ್ ಎಂಬ ಪುಟ್ಟ ಜಾಗ. ನಡುಕದ ಸರ್ಕ್ಯೂಟ್ ಅದರ ಮೂಲಕ ಹಾದುಹೋಗುತ್ತದೆ. ಬಲಗೈ ನಡುಗಿದರೆ ಎಡ ಮಿದುಳು. ಅದರ ಹಿಂದೆ ಸ್ಪರ್ಶದ ಜಾಗ. ಪಕ್ಕದಲ್ಲಿ ಕೈಕಾಲಿಗೆ ಬಲ ಕೊಡುವ ನರಗಳ ಕಟ್ಟು. ಎರಡು ಮಿಲಿಮೀಟರ್ ಹಿಂದೆ ಹೋದರೆ ತುಟಿ, ಬೆರಳು ಜೋಮು. ಪಕ್ಕಕ್ಕೆ ಹೋದರೆ ಕೈ ಸೋಲುತ್ತದೆ. ಅದಕ್ಕೇ ಒಮ್ಮೆಗೇ ಸುಡುವುದಿಲ್ಲ. ಮೊದಲು ಕೆಲವು ಸೆಕೆಂಡು 45 ಡಿಗ್ರಿ ಹತ್ತಿರ ಬಿಸಿ ಮಾಡುತ್ತಾರೆ. ಅಷ್ಟಕ್ಕೆ ಕೋಶ ಸಾಯುವುದಿಲ್ಲ, ಸ್ವಲ್ಪ ಹೊತ್ತು ಮಂಕಾಗುತ್ತದೆ. ಯಂತ್ರದಿಂದ ಹೊರಗೆ ಎಳೆದು ಕೇಳುತ್ತಾರೆ. ತುಟಿ ಜುಮ್ಮೆನ್ನುತ್ತಾ? ಮಾತಾಡಿ ನೋಡೋಣ. ಕೈ ಎತ್ತಿ. ಈ ಕಾಗದದ ಮೇಲೆ ಒಂದು ಸುರುಳಿ ಬರೆಯಿರಿ. ಮೊದಲ ಸುರುಳಿ ಗರಗಸದ ಹಲ್ಲಿನ ಹಾಗಿರುತ್ತದೆ, ಗೆರೆ ಗೆರೆಯನ್ನು ದಾಟಿರುತ್ತದೆ. ಜಾಗ ಸರಿಯಿದ್ದರೆ ಎರಡನೆಯದರಲ್ಲೇ ಗೆರೆ ಸ್ವಲ್ಪ ಸುಧಾರಿಸುತ್ತದೆ. ಸರಿಯಿಲ್ಲದಿದ್ದರೆ ಒಂದು ಮಿಲಿಮೀಟರ್ ಸರಿಸಿ ಮತ್ತೆ ನೋಡುತ್ತಾರೆ. ಎಲ್ಲ ಸರಿ ಎನಿಸಿದ ಮೇಲೆ 55ರಿಂದ 60 ಡಿಗ್ರಿಗೆ ಏರಿಸುತ್ತಾರೆ. ಕೆಲವು ಸೆಕೆಂಡು ಸಾಕು. ಅಲ್ಲಿನ ಕೋಶಗಳು ಸಾಯುತ್ತವೆ. ಆ ಹೊತ್ತಿಗೆ ತಲೆನೋವು, ತಲೆ ಬಿಸಿಯಾದಂತೆ, ವಾಕರಿಕೆ ಬರುವುದುಂಟು. ಬಿಸಿ ನಿಂತಾಗ ನಿಲ್ಲುತ್ತದೆ. ಹೀಗೆ ಹಲವು ಸಲ. ಕೊನೆಯಲ್ಲಿ ಬರೆದ ಸುರುಳಿಯನ್ನು ಮೊದಲಿನದರ ಪಕ್ಕ ಇಟ್ಟರೆ ಒಬ್ಬರೇ ಬರೆದದ್ದು ಎಂದು ನಂಬುವುದು ಕಷ್ಟ. ಮಾತ್ರೆ ಕೊಟ್ಟು ವಾರಗಟ್ಟಲೆ ಕಾಯುವ ನಮ್ಮಂಥವರಿಗೆ ಇದು ಹೊಟ್ಟೆಕಿಚ್ಚು ತರಿಸುವ ಸಂಗತಿ.

ಆದರೆ ವಿಡಿಯೋ ಬೇರೆ, ಲೆಕ್ಕ ಬೇರೆ. ವರ್ಜೀನಿಯಾ ವಿಶ್ವವಿದ್ಯಾಲಯದ ಜೆಫ್ ಇಲಿಯಾಸ್ ಮತ್ತು ಸಂಗಡಿಗರು ಎಸೆನ್ಷಿಯಲ್ ಟ್ರೆಮರ್ ಇದ್ದ 76 ಜನರ ಮೇಲೆ ನಡೆಸಿದ ಪರೀಕ್ಷೆ 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಕೆಲವರಿಗೆ ತಲೆ ಬೋಳಿಸಿ, ಚೌಕಟ್ಟು ಬಿಗಿದು, ಹೆಲ್ಮೆಟ್ ಹಾಕಿ, ಶಬ್ದ ಮಾತ್ರ ಬಿಡಲಿಲ್ಲ. ಇದು ಕ್ರೂರ ಎನಿಸಬಹುದು. ಆದರೆ ನಡುಕ ಮನಸ್ಸಿನ ಸ್ಥಿತಿಗೆ ತಕ್ಕಂತೆ ಏರುವ ಇಳಿಯುವ ಕಾಯಿಲೆ, ಈ ಹೋಲಿಕೆ ಇಲ್ಲದೆ ಸತ್ಯ ಗೊತ್ತಾಗುವುದಿಲ್ಲ. ಸುಳ್ಳು ಚಿಕಿತ್ಸೆಯವರಲ್ಲಿ ಬದಲಾವಣೆ ಹೆಚ್ಚುಕಡಿಮೆ ಇರಲಿಲ್ಲ. ನಿಜವಾದ ಚಿಕಿತ್ಸೆಯವರಲ್ಲಿ ಮೂರು ತಿಂಗಳಿಗೆ ಕೈನಡುಕ ಸರಾಸರಿ 47% ಇಳಿದಿತ್ತು. ವರ್ಷಕ್ಕೆ 40%. ಅಂದರೆ ಸರಾಸರಿಯಲ್ಲಿ ಅರ್ಧದಷ್ಟು, ಪೂರ್ತಿ ಅಲ್ಲ. ಇನ್ನೊಂದು ಕಡೆ, ಚಿಕಿತ್ಸೆ ಪಡೆದವರಲ್ಲಿ 36% ಜನಕ್ಕೆ ನಡಿಗೆಯಲ್ಲಿ ತೊಂದರೆ, 38% ಜನಕ್ಕೆ ಜೋಮು ಬಂತು. ಬಹಳಷ್ಟು ಇಳಿಯಿತು. ವರ್ಷ ಕಳೆದ ಮೇಲೂ 9% ಜನಕ್ಕೆ ನಡಿಗೆಯದ್ದು, 14% ಜನಕ್ಕೆ ಜೋಮಿನದ್ದು ಉಳಿದಿತ್ತು. ನಮ್ಮೂರುಗಳ ಲೆಕ್ಕದಲ್ಲಿ ಯೋಚಿಸಿ. ಕೈ ಸರಿಯಾಯಿತು, ಹೆಜ್ಜೆ ತೂರಾಡುತ್ತದೆ, ಮನೆ ಇರುವುದು ಗುಡ್ಡದ ಮೇಲೆ, ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟಿರುತ್ತದೆ. ಈ ಒಂದು ವಿಷಯವನ್ನು ನಗರದ ಡಾಕ್ಟರು ಕೇಳದಿದ್ದರೂ ನೀವೇ ಎತ್ತಬೇಕು.

ಅದೇ 2016ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಉಪಕರಣಗಳ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿತು. 2018ರಲ್ಲಿ ನಡುಕವೇ ಮುಖ್ಯವಾಗಿರುವ ಪಾರ್ಕಿನ್ಸನ್‌ಗೆ, 2021ರಲ್ಲಿ ಪಾರ್ಕಿನ್ಸನ್ನಿನ ಬೇರೆ ಚಲನೆಯ ತೊಂದರೆಗಳಿಗೆ. ಎಸೆನ್ಷಿಯಲ್ ಟ್ರೆಮರ್‌ನಲ್ಲಿ ಎರಡನೇ ಕೈಗೂ ಮಾಡಬಹುದು ಎಂದು 2022ರ ಕೊನೆಗೆ ಹೇಳಿತು. ಎರಡರ ನಡುವೆ ಕನಿಷ್ಠ 9 ತಿಂಗಳ ಅಂತರ ಇರಬೇಕು. ಎರಡೂ ಕಡೆ ಸುಟ್ಟರೆ ಮಾತು ತೊದಲುವ, ನುಂಗಲು ಕಷ್ಟವಾಗುವ ಅಪಾಯ ಜಾಸ್ತಿ. ಪಾರ್ಕಿನ್ಸನ್ನಿನಲ್ಲಿ ಇದು ಕಾಯಿಲೆಯನ್ನು ನಿಲ್ಲಿಸುವುದಿಲ್ಲ ಎಂಬುದನ್ನೂ ನೆನಪಿಡಿ. ನಡುಕ ಇಳಿಯಬಹುದು. ಕಾಯಿಲೆ ತನ್ನ ಪಾಡಿಗೆ ಮುಂದುವರಿಯುತ್ತದೆ, ಮಾತ್ರೆಯೂ ಮುಂದುವರಿಯುತ್ತದೆ.

ಹಾಗಾದರೆ ಡಿಬಿಎಸ್ ಒಳ್ಳೆಯದಾ, ಇದಾ? ಡಿಬಿಎಸ್ ಅಂದರೆ ಬುರುಡೆಗೆ ರಂಧ್ರ ಮಾಡಿ ಮಿದುಳಿಗೆ ತಂತಿ ಇಳಿಸಿ, ಎದೆಯ ಚರ್ಮದ ಕೆಳಗೆ ಬ್ಯಾಟರಿ ಇಡುವುದು. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ 1987ರಲ್ಲಿ ಶುರುಮಾಡಿದ್ದು, ಬೆಂಗಳೂರಿನಲ್ಲೂ ಮಾಡುತ್ತಾರೆ. ಅದರ ದೊಡ್ಡ ಗುಣ, ಹೆಚ್ಚುಕಡಿಮೆ ಮಾಡಬಹುದು. ತೊಂದರೆಯಾದರೆ ಕರೆಂಟ್ ಇಳಿಸಬಹುದು, ಆಫ್ ಮಾಡಬಹುದು. ಎರಡೂ ಕಡೆ ಹಾಕಬಹುದು. ಸುಟ್ಟದ್ದನ್ನು ಮಾತ್ರ ಯಾರೂ ಮರಳಿ ತರಲಾರರು. ಆದರೆ ಡಿಬಿಎಸ್‌ಗೆ ಮತ್ತೆ ಮತ್ತೆ ಹೋಗಿ ಹೊಂದಿಸಿಕೊಂಡು ಬರಬೇಕು. ಆಗುಂಬೆ ಕಡೆಯ ಎಂಬತ್ತರ ಅಜ್ಜಿಯನ್ನು ಮಳೆಗಾಲದಲ್ಲಿ ಎಷ್ಟು ಸಲ ಬೆಂಗಳೂರಿಗೆ ಕರೆದುಕೊಂಡು ಹೋಗುತ್ತೀರಿ? ಬ್ಯಾಟರಿ ಮುಗಿದರೆ ಬದಲಿಸಬೇಕು, ಸೋಂಕಿನ ಭಯ ಬೇರೆ. ವಯಸ್ಸು ಜಾಸ್ತಿ, ರಕ್ತಸ್ರಾವದ ಅಪಾಯ ಇದೆ, ಒಂದು ಕೈಯ ನಡುಕವೇ ಮುಖ್ಯ ತೊಂದರೆ ಅನ್ನುವವರಿಗೆ ನನ್ನ ಒಲವು ಶಬ್ದದ ಕಡೆಗೆ. ವಯಸ್ಸು ಕಡಿಮೆ, ಪಾರ್ಕಿನ್ಸನ್ ಎರಡೂ ಕಡೆ ಹಬ್ಬಿದೆ ಎಂದರೆ ಡಿಬಿಎಸ್ ಕಡೆಗೆ. ಇದಕ್ಕಿಂತ ಮುಂಚೆ ಪ್ರೊಪ್ರನೊಲಾಲ್, ಪ್ರಿಮಿಡೋನ್‌ನಂಥ ಹಳೆಯ ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟು ನೋಡಿರಬೇಕು. ಮೆಟ್ಟುಗತ್ತಿಯ ಆ ಅಮ್ಮನಿಗೆ ಪ್ರೊಪ್ರನೊಲಾಲೇ ಸಾಕಾಯಿತು.

ಇನ್ನು ಮರೆವಿನ ಕಾಯಿಲೆಗೆ ಇದು ಬರುತ್ತಾ ಎಂದು ಆಗಲೇ ಮುಂದಿನ ಸಾಲಿನಲ್ಲಿ ಪಿಸುಗುಟ್ಟುತ್ತಿದ್ದರು.

ಅಲ್ಲಿ ನಡೆಯುತ್ತಿರುವುದು ಬೇರೆ ಕೆಲಸ. ಸುಡುವುದಲ್ಲ, ಬಾಗಿಲು ತೆರೆಯುವುದು. ಮಿದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೆಣೆದುಕೊಂಡಿರುತ್ತವೆ. ರಕ್ತದಲ್ಲಿರುವ ಬಹುಪಾಲು ಔಷಧ ಮಿದುಳಿಗೆ ಸೇರುವುದೇ ಇಲ್ಲ. ಮಿದುಳಿನ ಗಡ್ಡೆಗೆ ಕೀಮೋ ಸರಿಯಾಗಿ ತಲುಪದಿರಲು ಇದೂ ಒಂದು ಕಾರಣ. ಹ್ಯುನಿನೆನ್ ತಂಡ 2001ರಲ್ಲಿ ಮೊಲಗಳಲ್ಲಿ ಒಂದು ಉಪಾಯ ತೋರಿಸಿತು. ಕೆಂಪು ರಕ್ತಕಣಕ್ಕಿಂತ ಚಿಕ್ಕದಾದ ಅನಿಲದ ಗುಳ್ಳೆಗಳನ್ನು ರಕ್ತಕ್ಕೆ ಬಿಡುವುದು. ಬೇಕಾದ ಜಾಗಕ್ಕೆ ಮೆಲ್ಲನೆಯ ಅಲ್ಟ್ರಾಸೌಂಡ್ ಹಾಯಿಸುವುದು. ಗುಳ್ಳೆಗಳು ಉಬ್ಬಿ ಕುಗ್ಗಿ ಗೋಡೆಯನ್ನು ಒಳಗಿನಿಂದ ತಟ್ಟುತ್ತವೆ, ಹೆಣಿಗೆ ಸಡಿಲುತ್ತದೆ, ಔಷಧ ಒಳಗೆ ನುಸುಳುತ್ತದೆ. ಸುಮಾರು ಒಂದು ದಿನದೊಳಗೆ ಮತ್ತೆ ಮುಚ್ಚಿಕೊಳ್ಳುತ್ತದೆ. 2015ರಲ್ಲಿ ಟೊರಾಂಟೊದ ಸನ್ನಿಬ್ರೂಕ್ ಆಸ್ಪತ್ರೆಯಲ್ಲಿ ಮಿದುಳು ಗಡ್ಡೆಯ ರೋಗಿಯೊಬ್ಬರಲ್ಲಿ ಹೀಗೆ ಮಾಡಿದರು. 2024ರ ಆರಂಭದಲ್ಲಿ ವೆಸ್ಟ್ ವರ್ಜೀನಿಯಾದ ಅಲಿ ರೆಜಾಯಿ ತಂಡ ಆಲ್ಝೈಮರ್ ಇದ್ದ ಮೂವರ ಬಗ್ಗೆ ವರದಿ ಮಾಡಿತು. ಅಡುಕ್ಯಾನುಮ್ಯಾಬ್ ಎಂಬ ಔಷಧ ಕೊಟ್ಟು, ಮಿದುಳಿನ ಒಂದು ಬದಿಗೆ ಮಾತ್ರ ಈ ಬಾಗಿಲು ತೆರೆದರು. ಆ ಬದಿಯಲ್ಲಿ ಅಮಿಲಾಯ್ಡ್ ಎಂಬ ಕಸ ಹೆಚ್ಚು ಕರಗಿತ್ತು. ಮೂವರು ಅಂದೆ, ಗಮನಿಸಿ. ಕಸ ಕರಗಿದ್ದು ನಿಜ, ಮರೆತ ಹೆಸರು ನೆನಪಾಯಿತು ಎಂದು ಅದರ ಅರ್ಥವಲ್ಲ. ಆ ಔಷಧವನ್ನು ತಯಾರಿಸಿದ ಕಂಪನಿಯೇ ಆಮೇಲೆ ಕೈಬಿಟ್ಟಿತು. ಆದ್ದರಿಂದ ಮನೆಯಲ್ಲಿ ಮರೆವಿನ ರೋಗಿ ಇರುವವರು ಈ ಹೆಸರಿನಲ್ಲಿ ಈಗ ಯಾರಿಗೂ ದುಡ್ಡು ಕೊಡಬೇಡಿ. ಖಿನ್ನತೆ, ಗೀಳು, ಚಟಗಳಿಗೂ ಪ್ರಯೋಗಗಳು ನಡೆದಿವೆ. ಅವೂ ಪ್ರಯೋಗದ ಮಟ್ಟದಲ್ಲೇ ಇವೆ.

ಭಾರತದಲ್ಲಿ ಈ ಯಂತ್ರ ಬಂದಿದೆ, ಕೊಯಮತ್ತೂರಿನಲ್ಲಿ ಇದೆ. ಖರ್ಚು ಲಕ್ಷಗಳಲ್ಲಿ. ನಿಮ್ಮಲ್ಲಿ ಬಹಳ ಜನಕ್ಕೆ ಅದು ಬೇಕಾಗುವುದೂ ಇಲ್ಲ. ಮೊದಲು ಇಲ್ಲಿನ ಮೆಗ್ಗಾನ್ ಆಸ್ಪತ್ರೆಯಲ್ಲೋ ಹತ್ತಿರದ ಫಿಸಿಶಿಯನ್ ಹತ್ತಿರವೋ ತೋರಿಸಿ, ಬೇಕಿದ್ದರೆ ನಿಮ್ಹಾನ್ಸ್‌ಗೆ ಹೋಗಿ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್‌ಗಳನ್ನು ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ, ನಾಟಿ ಔಷಧದ ಪುಡಿಯನ್ನೂ ಸೇರಿಸಿ. ಕೈ ಸುಮ್ಮನಿದ್ದಾಗ ಮತ್ತು ಲೋಟ ಎತ್ತುವಾಗ ಮೊಮ್ಮಕ್ಕಳಿಂದ ಮೊಬೈಲಿನಲ್ಲಿ ವಿಡಿಯೋ ಮಾಡಿಸಿ. ಡಾಕ್ಟರ ಮುಂದೆ ಕೂತಾಗ ನಡುಕ ತೋರಿಸಲು ಹೋದರೆ ಅದು ಹಟ ಮಾಡುತ್ತದೆ. ಖಾಲಿ ಕಾಗದದ ಮೇಲೆ ಒಂದು ಸುರುಳಿ ಬರೆದು ದಿನಾಂಕ ಹಾಕಿಡಿ.

ಇನ್ನು ಪ್ರಶ್ನೆಗಳು.

ಕಿಡ್ನಿ ಕಲ್ಲು ಒಡೆಯುವುದೂ ಇದೇ ಅಲ್ವಾ ಎಂದು ಒಬ್ಬ ನಿವೃತ್ತ ಮೇಷ್ಟ್ರು ಕೇಳಿದರು. ತತ್ವ ಹತ್ತಿರದ್ದು, ಕೆಲಸ ಬೇರೆ. ಅಲ್ಲಿ ಒಂದೊಂದೇ ಆಘಾತದ ಅಲೆ ಕಲ್ಲನ್ನು ಒಡೆಯುತ್ತದೆ. ಇಲ್ಲಿ ನಿರಂತರ ಅಲೆ ಒಂದು ಜಾಗವನ್ನು ಬಿಸಿ ಮಾಡುತ್ತದೆ.

ಪೇಸ್‌ಮೇಕರ್ ಹಾಕಿಸಿಕೊಂಡವರಿಗೆ ಆಗುತ್ತಾ? ಎಂಆರ್‌ಐ ಒಳಗೆ ಗಂಟೆಗಟ್ಟಲೆ ಇರಬೇಕಾದ್ದರಿಂದ ಸಾಮಾನ್ಯವಾಗಿ ಆಗುವುದಿಲ್ಲ. ಮತ್ತೆ ಇನ್ನು ಕೆಲವರಿಗೆ ಬುರುಡೆಯೇ ಒಪ್ಪುವುದಿಲ್ಲ. ಮೂಳೆಯ ಒಳಪದರ ಜಾಳಾಗಿದ್ದರೆ ಶಬ್ದ ಅಲ್ಲೇ ಸೋರಿಹೋಗಿ ಬೇಕಾದಷ್ಟು ಬಿಸಿಯೇ ಆಗದು. ಸಿಟಿ ಸ್ಕ್ಯಾನ್‌ನಲ್ಲಿ ಅದನ್ನು ಅಳೆದು, ನಿಮಗೆ ಇದು ಬೇಡ ಎಂದು ವಾಪಸ್ ಕಳಿಸುತ್ತಾರೆ. ಇದಕ್ಕೆ ಯಾರ ತಪ್ಪೂ ಇಲ್ಲ.

ಹಿಂದಿನ ಸಾಲಿನಿಂದ ಒಬ್ಬ ಅಮ್ಮ ಎದ್ದು ನಿಂತರು. "ತಲೆ ಪೂರ್ತಿ ಬೋಳಿಸಲೇಬೇಕಾ ಡಾಕ್ಟ್ರೇ?" ಹೌದಮ್ಮ, ಸಾಮಾನ್ಯವಾಗಿ ಹಾಗೇ ಮಾಡುತ್ತಾರೆ, ಅಂದೆ. ಕೂದಲಿನ ನಡುವೆ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ, ಅಲ್ಟ್ರಾಸೌಂಡ್ ಗಾಳಿಯನ್ನು ದಾಟಲಾರದು. ಅವರ ಯಜಮಾನರು ಕೂತಲ್ಲಿಂದಲೇ, "ಹಾಗಾದ್ರೆ ಧರ್ಮಸ್ಥಳಕ್ಕೆ ಹೋಗಿ ಮುಡಿ ಕೊಟ್ಟು ಹಾಗೇ ಆಸ್ಪತ್ರೆಗೆ ಹೋಗಬಹುದಲ್ಲ" ಅಂದರು. ಹೋಗಬಹುದು. ಆದರೆ ಎರಡು ದಿನದಲ್ಲಿ ಮೊಳೆಯುವ ಕೂದಲಲ್ಲೂ ಗುಳ್ಳೆ ನಿಲ್ಲುತ್ತದೆ. ಆ ಬೆಳಿಗ್ಗೆ ಅವರು ಇನ್ನೊಂದು ಸಲ ಬ್ಲೇಡ್ ಆಡಿಸಿಯೇ ಆಡಿಸುತ್ತಾರೆ.